ಬೀರಪ್ಪ ಸುರಿದ ನೀರು

ತಂತಿಯ ಕೊಕ್ಕೆಗೆ ಸಿಕ್ಕಿ ದೋಣಿ ಮೋಟಾರಿನ ತಾಮ್ರದ ನಳಿಕೆಯಿಂದ ಈಚೆ ಬಂದದ್ದು ಹೂಳಲ್ಲ, ಬಟ್ಟೆ ಎಂದು ಗೊತ್ತಾದಾಗ ಜಟ್ಟಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ತಿಳಿಯುವ ಮೊದಲೇ ಬಂದ ಸಿಟ್ಟು. ಬೆರಳಿನಷ್ಟು ಉದ್ದದ ಚೂರು, ನೆಂದು ಕಪ್ಪಾಗಿತ್ತು. ಹೆಬ್ಬೆರಳಿನಿಂದ ಉಜ್ಜಿದಾಗ ಒಳಗಿನ ಹಸಿರು ಕಾಣಿಸಿತು, ಹಸಿರಿನ ಅಂಚಿಗೆ ಹಳದಿ ಗೆರೆ. ಹೆಂಡತಿ ಯಲ್ಲಮ್ಮ ಹಳೆಯ ಸೀರೆಯನ್ನು ಹರಿದು, ಎಣ್ಣೆ ಒರೆಸಿಕೊಳ್ಳಲು ಅವನ ಸಾಮಾನಿನ ಚೀಲಕ್ಕೆ ಹಾಕಿಕೊಡುತ್ತಿದ್ದ ಚೂರುಗಳಲ್ಲಿ ಒಂದು. ಶಿವಮೊಗ್ಗದಲ್ಲಿ ಬೇರೆ ಯಾರ ಕೈಯಲ್ಲೂ ಆ ಬಟ್ಟೆ ಇರಲು ಸಾಧ್ಯವಿರಲಿಲ್ಲ. ಅವನ ಬೆನ್ನ ಹಿಂದೆ, ಕೊಟ್ಟಿಗೆಗೆ ತಾಗಿದ ಚಪ್ಪರದ ಕೆಳಗೆ, ಬೆತ್ತದ ಕುರ್ಚಿಯಲ್ಲಿ ಕೂತು ಪರಮೇಶ್ವರಪ್ಪ ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದರು. ಜಟ್ಟಪ್ಪ ಚೂರನ್ನು ಮುಷ್ಟಿಯಲ್ಲಿ ಮುಚ್ಚಿ, ಬೆವರು ಒರೆಸುವವನಂತೆ ಬಗ್ಗಿ, ಷರಟಿನ ಜೇಬಿಗೆ ಇಳಿಸಿದ. "ಏನಯ್ಯ ಸಿಕ್ತು?" ಎಂದು ಪರಮೇಶ್ವರಪ್ಪ ಕೇಳಿದರು. "ಹೂಳು" ಎಂದ. ಹಾಗೆ ಅಂದದ್ದೇ ಅವರು ಪಕ್ಕದವರ ಕಡೆ ತಿರುಗಿ, ಕಂಡಿರಾ, ಜರಡಿ ತೊಳಿ ಅಂತ ಆ ಬೀರನಿಗೆ ನೂರು ಸಲ ಹೇಳಿದ್ದೆ, ಎಂದರು. ಜಟ್ಟಪ್ಪ ಸ್ಪ್ಯಾನರನ್ನು ನೆಲಕ್ಕೆ ಇಟ್ಟದ್ದು ಇಟ್ಟಂತಿರಲಿಲ್ಲ, ಎಸೆದಂತಿತ್ತು.

ದೋಣಿಯ ಹಿಂಬದಿಗೆ ಕಚ್ಚಿಸುವ ಆ ಮೋಟಾರನ್ನು ಪರಮೇಶ್ವರಪ್ಪ ಚಿಕ್ಕಮಗಳೂರಿನ ಕಡೆಯ ಯಾವನೋ ತೋಟದ ಬಿಳಿ ದೊರೆ ತನ್ನ ಊರಿಗೆ ಹೊರಟಾಗ ಹರಾಜಿನಲ್ಲಿ ಹಿಡಿದಿದ್ದರು. ಆಗಲೇ ಅದಕ್ಕೆ ಹತ್ತು ವರ್ಷ ಮೀರಿತ್ತು. ತುಂಗೆಯಲ್ಲಿ ನೀರಿರುವ ತಿಂಗಳುಗಳಲ್ಲಿ ಶಿವಮೊಗ್ಗದ ಹೊಳೆ ಮೆಟ್ಟಿಲಿನಿಂದ ಹೊಳಲೂರಿನ ತಮ್ಮ ಗದ್ದೆಗಳವರೆಗೆ ಅದರ ಸದ್ದು ಕೇಳಬೇಕೆಂಬುದು ಅವರ ಆಸೆ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಜಟ್ಟಪ್ಪ ರಜದ ಭಾನುವಾರ ರೈಲು ಹತ್ತಿ ಬಂದು ಅದನ್ನು ನೋಡಿಕೊಳ್ಳುತ್ತಿದ್ದ. ಅದರ ಜೀವವೆಲ್ಲ ನೀರಿನಲ್ಲಿತ್ತು. ಕೆಳಗೆ, ತಿರುಗುವ ರೆಕ್ಕೆಗಳ ಪಕ್ಕದ ಜರಡಿಯಿಂದ ಹೊಳೆಯ ನೀರನ್ನು ಒಂದು ಪುಟ್ಟ ಪಂಪು ಎಳೆದುಕೊಳ್ಳಬೇಕು, ಅದು ತಾಮ್ರದ ನಳಿಕೆ ಹತ್ತಿ ಮೇಲೆ ಹೋಗಿ ಸಿಲಿಂಡರಿನ ಸುತ್ತಲಿನ ಹೊದಿಕೆಯೊಳಗೆ ಒಂದು ಸುತ್ತು ಹಾಕಿ, ಶಾಖ ಹೀರಿಕೊಂಡು, ಪಕ್ಕದ ಸಣ್ಣ ತೂತಿನಿಂದ ದಾರದ ಹಾಗೆ ಹೊರಗೆ ಬೀಳಬೇಕು. ಆ ದಾರ ಕಡಿಯಿತೆಂದರೆ ಮೋಟಾರನ್ನು ಆ ಕ್ಷಣ ನಿಲ್ಲಿಸಬೇಕು. ದೋಣಿ ನಡೆಸುವ ಬೀರಪ್ಪನಿಗೆ ಅವನೇ ಕಲಿಸಿದ್ದ: ನಿನ್ನ ಕಣ್ಣು ಹೊಳೆ ಮೇಲೆ ಬೇಡ, ತೂತಿನ ಮೇಲಿರಲಿ. ಐವತ್ತು ದಾಟಿದ್ದ ಬೀರಪ್ಪ, ಇಪ್ಪತ್ತು ವರ್ಷ ಆ ಹೊಳೆಯಲ್ಲಿ ಹುಟ್ಟು ಹಾಕಿದವನು, ತನಗಿಂತ ಚಿಕ್ಕವನ ಮುಂದೆ ಕೈಕಟ್ಟಿ ನಿಂತು, ಆಗ್ಲಿ ಮೇಸ್ತ್ರಿ ಅಂದಿದ್ದ. ಕಾದ ಕಬ್ಬಿಣಕ್ಕೆ ತಣ್ಣೀರು ತಾಗಿಸಬಾರದು, ಸೀಳಿಬಿಡುತ್ತೆ ಅಂದಾಗಲೂ ಆಗ್ಲಿ ಮೇಸ್ತ್ರಿ ಅಂದಿದ್ದ.

ಎರಡು ತಿಂಗಳ ಹಿಂದೆ ಇದೇ ಚಪ್ಪರದ ಕೆಳಗೆ ಜಟ್ಟಪ್ಪ ಹೊದಿಕೆಯೊಳಗಿನ ಕೆಸರನ್ನು ಕೆರೆದು ತೆಗೆದಿದ್ದ. ಕೆರೆಯುವಾಗ ಪುಡಿ ಬೀಳದಿರಲಿ ಎಂದು ಬಿಚ್ಚಿದ ನಳಿಕೆಯ ಬಾಯಿಗೆ ಬಟ್ಟೆ ತುರುಕಿದ್ದ. ಅದು ತಪ್ಪಲ್ಲ, ಕಾರ್ಖಾನೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಕರೆದದ್ದು ಒಳಗಲ್ಲ; ಹಿತ್ತಿಲ ಜಗುಲಿಗೆ, ಎಮ್ಮೆಯ ಗಂಜಲ ಹರಿದು ಹೋಗುವ ಕಾಲುವೆಯ ಪಕ್ಕಕ್ಕೆ. ತಟ್ಟೆಯಲ್ಲಿ ಬೆಳಗಿನ ಮುದ್ದೆ, ಗಟ್ಟಿಯಾಗಿ ಸೀಳು ಬಿಟ್ಟಿದ್ದು. ಒಳಗಿನ ಪಡಸಾಲೆಯಲ್ಲಿ ಪೇಟೆಯ ಯಾವುದೋ ಕಚೇರಿಯ ಗುಮಾಸ್ತನಿಗೆ ಎಲೆ ಹಾಕಿ ಹೋಳಿಗೆ ಬಡಿಸುತ್ತಿದ್ದ ಸದ್ದು, ತುಪ್ಪ ಸಾಕು ಸಾಕು ಎಂಬ ಅವನ ನಗು ಗೋಡೆ ದಾಟಿ ಬರುತ್ತಿತ್ತು. ಜಟ್ಟಪ್ಪ ಅರ್ಧ ತಿಂದು ಎದ್ದ. ನಾನು ಇವರ ಮನೆ ಹೋಳಿಗೆಗೆ ಬಂದವನೇ ಎಂದು ತನ್ನನ್ನೇ ಕೇಳಿಕೊಂಡ. ಚಪ್ಪರಕ್ಕೆ ವಾಪಸು ಬಂದವನು ನಳಿಕೆಯನ್ನು ಅದರ ಜಾಗಕ್ಕೆ ಒತ್ತಿ, ನಟ್ಟನ್ನು ಪರಮೇಶ್ವರಪ್ಪನ ಕತ್ತು ಎಂಬಂತೆ ತಿರುಚಿ ಬಿಗಿದ. ಕೊನೆಗೆ ನೀರು ತುಂಬಿದ ಪೀಪಾಯಿಯಲ್ಲಿ ಮೋಟಾರನ್ನು ಇಳಿಸಿ ಓಡಿಸಿ, ತೂತಿನಿಂದ ನೀರು ಬೀಳುವುದನ್ನು ನೋಡಬೇಕಿತ್ತು. ನೋಡಲಿಲ್ಲ. ಆಯ್ತು ಯಜಮಾನ್ರೇ ಎಂದು ಚೀಲ ಹೆಗಲಿಗೆ ಹಾಕಿ ರೈಲಿಗೆ ಹೊರಟಿದ್ದ. ಇವೆಲ್ಲ ಈಗ ನೆನಪಿಗೆ ಬರುತ್ತಿದ್ದ ರೀತಿಯೇ ಅವನಿಗೆ ಅಸಹ್ಯವಾಯಿತು: ಗಂಜಲದ ವಾಸನೆ, ಹೋಳಿಗೆ, ಗುಮಾಸ್ತನ ನಗು ಎಲ್ಲ ಸ್ಪಷ್ಟವಾಗಿ ಮೊದಲು ಬಂದು, ಬಟ್ಟೆ ಕೊನೆಗೆ ಬಂತು.

ಪರಮೇಶ್ವರಪ್ಪ ಪಕ್ಕದ ಮನೆಯವರಿಗೆ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಮೋಟಾರು ಕೆಟ್ಟ ದಿನ ಹೊಳಲೂರಿಗೆ ಅವಸರವಾಗಿ ಹೋಗಬೇಕಿತ್ತಂತೆ. ಹೊರಟು ನಾಲ್ಕು ಮಾರು ಹೋಗುವುದರೊಳಗೆ ಮೋಟಾರು ಹೊಗೆಯಾಡಿ, ಕಿರುಚಿ, ನಿಂತುಬಿಟ್ಟಿತಂತೆ. ದೋಣಿ ತೇಲಿ ಮೆಟ್ಟಿಲಿನ ಎದುರಿನ ಬಂಡೆಗೆ ಬಡಿಯಿತಂತೆ. "ಆ ಮುಟ್ಠಾಳ ಏನು ಮಾಡಿದ ಗೊತ್ತಾ? ನನ್ನ ಚೊಂಬು ತಗೊಂಡು ಹೊಳೆ ನೀರು ಮೊಗೆದು ಮೊಗೆದು ಸುರಿದ. ಟಪ್ ಅಂತ ಸೀಳ್ತು." ಜಟ್ಟಪ್ಪನ ಕೈ ನಿಂತಿತು. ಯಜಮಾನರ ಹಿತ್ತಾಳೆ ಚೊಂಬು ದೋಣಿಯಲ್ಲಿ ಎಲ್ಲಿರುತ್ತಿತ್ತೆಂದು ಅವನಿಗೆ ಗೊತ್ತಿತ್ತು, ಮುಂದಿನ ಹಲಗೆಯ ಕೆಳಗೆ, ಬಿಳಿ ವಸ್ತ್ರ ಸುತ್ತಿ. ಬೀರಪ್ಪ ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ದೋಣಿ ವಾಲಿ ಚೊಂಬು ಉರುಳಿಕೊಂಡು ಕಾಲ ಬಳಿ ಬಂದಾಗ ಬೀರಪ್ಪ ಕೆಂಡ ಬಂದಂತೆ ಕಾಲನ್ನು ಎತ್ತಿಕೊಂಡದ್ದನ್ನು ಜಟ್ಟಪ್ಪನೇ ನೋಡಿದ್ದ. ಮೋಟಾರು ಉರಿದು ಬೂದಿಯಾದರೂ ಆ ಮುದುಕ ಆ ಚೊಂಬಿಗೆ ಕೈ ಹಾಕುವವನಲ್ಲ. ಸುರಿದವರು ಇವರು, ಸ್ವತಃ ಇವರು. ಸುರಿದು, ದಡಕ್ಕೆ ಬಂದು, ಬಟ್ಟೆ ಒಗೆಯುವವರು, ಸ್ನಾನಕ್ಕೆ ಬಂದವರು, ಎಲ್ಲರ ಮುಂದೆ ಮೆಟ್ಟಿಲ ಮೇಲೆ ನಿಲ್ಲಿಸಿ ಆ ಮುದುಕನಿಗೆ ಚಪ್ಪಲಿಯಲ್ಲಿ ಹೊಡೆದವರು.

ಎದ್ದು ನಿಂತು ಹೇಳಿಬಿಡಬೇಕು ಅನ್ನಿಸಿತು. ಜೇಬಿನ ಬಟ್ಟೆಯ ತೇವ ಷರಟಿಗೆ ಇಳಿದು ಎದೆಗೆ ತಣ್ಣಗೆ ತಾಗುತ್ತಿತ್ತು. ಚೊಂಬಿನ ಮಾತು ಎತ್ತಿದರೆ, ಮೊದಲು ನೀರು ಯಾಕೆ ಹತ್ತಲಿಲ್ಲ ಎಂಬ ಮಾತು ಬರುತ್ತದೆ. ಅವರ ಸುಳ್ಳು ತನ್ನ ಸುಳ್ಳಿಗೆ ಒರಗಿಕೊಂಡು ನಿಂತಿತ್ತು. ತನ್ನನ್ನು ಹಿತ್ತಿಲಲ್ಲಿ ಕೂರಿಸಿ ಉಣ್ಣಿಸಿದ ಈ ಮನುಷ್ಯನ ಜೊತೆ ತಾನೀಗ ಪಾಲುಗಾರ ಎಂದು ಹೊಳೆದಾಗ, ಆ ಕೆಂಪು ಕತ್ತನ್ನು ಹಿಡಿದು ಪೀಪಾಯಿಯ ನೀರಿಗೆ ಅದ್ದಬೇಕೆನ್ನುವಷ್ಟು ರೋಷ ಬಂತು. ಅದ್ದಲಿಲ್ಲ. ಹೊದಿಕೆಯ ಸೀಳಿಗೆ ಕಾರ್ಖಾನೆಯಿಂದ ತಂದ ಕಬ್ಬಿಣದ ಪುಡಿಗೆ ನವಸಾಗರದ ಉಪ್ಪು ಬೆರೆಸಿ, ನೀರು ಚಿಮುಕಿಸಿ ಕಲಸಿ, ಉಳಿಯಿಂದ ಜಡಿದು ತುಂಬಿದ. ತುಕ್ಕು ಹಿಡಿದು ತಾನೇ ಕಲ್ಲಾಗುತ್ತೆ, ಒಂದು ವಾರ ಮುಟ್ಟಬೇಡಿ, ಮುಂದಿನ ಭಾನುವಾರ ನೀರಿಗೆ ಹಾಕೋಣ ಎಂದ. ಪರಮೇಶ್ವರಪ್ಪ ಸಂತೋಷಪಟ್ಟರು. ಅವತ್ತೇ ಮಗಳ ಭಾವೀ ಬೀಗರು ಬರುತ್ತಾರೆ, ಅವರನ್ನು ಕೂರಿಸಿ ಒಂದು ಸುತ್ತು ಹಾಕಿಸೋಣ ಎಂದರು. ಮತ್ತೆ, ಇವನಂಥ ಕೈಗಾರ ಜಿಲ್ಲೆಯಲ್ಲೇ ಇಲ್ಲ ಎಂದು ಪಕ್ಕದವರಿಗೆ ಹೇಳಿದರು. ಆ ಹೊಗಳಿಕೆಗೆ ತನ್ನ ಮುಖದಲ್ಲಿ ಒಂದು ನಗು ತಾನಾಗಿ ಮೂಡಿದ್ದು ಜಟ್ಟಪ್ಪನಿಗೆ ತಿಳಿಯಿತು.

ಭದ್ರಾವತಿಗೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಬೀರಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ. ಏಟು ತಿಂದ ಎರಡನೆಯ ದಿನ ಬೀರಪ್ಪ ಭದ್ರಾವತಿಯ ಹಳೇಪೇಟೆಯಲ್ಲಿದ್ದ ಜಟ್ಟಪ್ಪನ ಮನೆಯ ಬಾಗಿಲಿಗೆ ಬಂದು ನಿಂತಿದ್ದ. ಎಡಗೆನ್ನೆ ಊದಿತ್ತು. ತೂತಿನಲ್ಲಿ ಮೊದಲಿಂದಲೇ ನೀರು ಬರಲಿಲ್ಲವೆಂದೂ, ನಿಲ್ಲಿಸೋಣ ಎಂದು ಹೇಳಿದರೆ ಯಜಮಾನರು ಗಡಿಯಾರ ನೋಡಿ ನಡಿ ನಡಿ ಎಂದರೆಂದೂ, ನೀರು ಸುರಿದದ್ದು ತಾನಲ್ಲವೆಂದೂ ಹೇಳಿದ್ದ. ನೀವೊಂದು ಮಾತು ಹೇಳಿದರೆ ಯಜಮಾನರು ಕೇಳುತ್ತಾರೆ ಎಂದಿದ್ದ. ಜಟ್ಟಪ್ಪ ಉಣ್ಣುತ್ತಿದ್ದವನು ಎದ್ದಿರಲಿಲ್ಲ. ಕಾದ ಕಬ್ಬಿಣಕ್ಕೆ ತಣ್ಣೀರು ಹುಯ್ಯಬೇಡ ಅಂತ ಹೇಳಿಕೊಟ್ಟಿರಲಿಲ್ಲವೇನೋ ನಿನಗೆ, ಸುಳ್ಳು ಬೇರೆ ಹೇಳ್ತೀಯಾ ಎಂದು ಕೂತಲ್ಲಿಂದಲೇ ಗದರಿಸಿದ್ದ. ತಂದೆಯ ವಯಸ್ಸಿನವನಿಗೆ ಹೇಳಿಕೊಟ್ಟಿರಲಿಲ್ಲವೇನೋ ಎಂದಿದ್ದ. ಬೀರಪ್ಪ ಆಮೇಲೆ ಏನೂ ಹೇಳದೆ ಹೋದ. ಶಿವಮೊಗ್ಗಕ್ಕೆ ವಾಪಸು ಹೋಗಲೂ ಇಲ್ಲ. ಹೆಂಡತಿಯನ್ನು ಊರಲ್ಲೇ ಬಿಟ್ಟು ಜನ್ನಾಪುರದ ಕಡೆ ನೆಂಟರ ಗುಡಿಸಲಲ್ಲಿ ಇದ್ದುಕೊಂಡು ಕಾರ್ಖಾನೆಯ ಇದ್ದಲಿನ ಅಂಗಳದಲ್ಲಿ ಬುಟ್ಟಿ ಹೊರುತ್ತಿದ್ದಾನೆ ಎಂದು ಯಾರೋ ಹೇಳಿದ್ದರು. ಮುದುಕ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ್ದರೆ ನಂಬುತ್ತಿದ್ದೆನಲ್ಲ, ಯಾಕೆ ಹೇಳಲಿಲ್ಲ, ಯಾಕೆ ಸುಮ್ಮನೆ ಹೋದ ಎಂದು ಜಟ್ಟಪ್ಪ ಹಲ್ಲು ಕಚ್ಚಿದ. ಆ ಸಿಟ್ಟೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಷರಟು ಒಗೆಯಲು ತೆಗೆದುಕೊಂಡ ಯಲ್ಲಮ್ಮ ಜೇಬಿನಲ್ಲಿದ್ದ ಚೂರನ್ನು ಹಿಡಿದು ಬಂದಳು. ಇದು ನನ್ನ ಸೀರೆ ಸೆರಗಲ್ವಾ, ಇದನ್ಯಾಕೆ ಜೇಬಲ್ಲಿ ಮಡಗಿಕೊಂಡಿದ್ದೀರಿ ಎಂದು ನಗುತ್ತಾ ಕೇಳಿದಳು. ಅವಳ ನಗುವಿಗೆ ಅವನು ಕೆರಳಿದ. ಮನೆಯಲ್ಲಿ ಒಂದು ಚೂರು ನೆಟ್ಟಗಿನ ಬಟ್ಟೆ ಇಲ್ಲ, ಹರಕು ತುಂಬಿ ಕಳಿಸುತ್ತೀಯ ಎಂದು ಅವಳ ಮೇಲೆ ಕೂಗಾಡಿದ. ಅವಳು ಬೆಪ್ಪಾಗಿ ನಿಂತಳು. ಆಗ ಅವನು, ನಿಂತಲ್ಲೇ, ಬೇರೆ ಯಾರ ವಿಷಯವೋ ಎಂಬಂತೆ ಎಲ್ಲವನ್ನೂ ಹೇಳಿದ. ಕೇಳಿ ಮುಗಿದ ಮೇಲೆ ಯಲ್ಲಮ್ಮ ಆ ಚೂರನ್ನು ಒಲೆಗೆ ಹಾಕಬಹುದು ಎಂದುಕೊಂಡ. ಅವಳು ಅದನ್ನು ಒಗೆದು, ಹಿಂಡಿ, ಅವನ ಷರಟಿನ ಪಕ್ಕ ಹಗ್ಗದ ಮೇಲೆ ಹರವಿದಳು. "ಆ ಮುದುಕಪ್ಪ ಅವತ್ತು ಹೊರಗೆ ನಿಂತು ನೀರು ಕೇಳ್ತು. ನಾನು ಕೊಡೋದ್ರೊಳಗೆ ನೀವು ಬೈದು ಕಳಿಸಿದ್ರಿ" ಎಂದಳು.

ಗುರುವಾರ ಪಾಳಿ ಬಿಟ್ಟ ಮೇಲೆ ಅವನು ಇದ್ದಲಿನ ಅಂಗಳಕ್ಕೆ ಹೋದ. ಕಾಡಿನಿಂದ ಬಂದ ಇದ್ದಲು ಗುಡ್ಡಗುಡ್ಡವಾಗಿ ಬಿದ್ದಿತ್ತು. ತಮಿಳಿನಲ್ಲಿ ಬೈಯುತ್ತಿದ್ದ ಮೇಸ್ತ್ರಿಯೊಬ್ಬನ ಮುಂದೆ ಗಂಡಸರು ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ನಡೆಯುತ್ತಿದ್ದರು. ಎಲ್ಲರೂ ಒಂದೇ ಕಪ್ಪು, ಬೀರಪ್ಪ ಯಾರೆಂದು ಗುರುತಿಸಲು ಹೊತ್ತು ಹಿಡಿಯಿತು. ಬೀರಪ್ಪನೇ ಇವನನ್ನು ಕಂಡು, ಬುಟ್ಟಿ ಇಳಿಸಿ, ತಲೆಯ ಮೇಲಿನ ಸಿಂಬೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಚೆನ್ನಾಗಿದ್ದೀರಾ ಮೇಸ್ತ್ರಿ ಎಂದ. ಆ ಸಿಂಬೆ ತೆಗೆದದ್ದನ್ನು ಜಟ್ಟಪ್ಪನಿಗೆ ಸಹಿಸಲಾಗಲಿಲ್ಲ. ಹೇಳಬೇಕೆಂದು ಬಂದದ್ದು ಬಿಟ್ಟು, ನಿನಗೆ ಬಾಯಿ ಇರಲಿಲ್ಲವಾ, ಅಷ್ಟು ಜನರ ಮುಂದೆ ಹೊಡೆಸಿಕೊಂಡು ನಿಂತೆಯಲ್ಲ, ನಾನಲ್ಲ, ಸುರಿದದ್ದು ನೀವು ಎಂದು ಕೂಗಬೇಕಾಗಿತ್ತು ಎಂದು ರೇಗಿದ. ಬೀರಪ್ಪ ನಿಧಾನವಾಗಿ ಅವನನ್ನು ನೋಡಿದ. "ನಿಮ್ಮ ಮನೆಗೆ ಬಂದು ಹೇಳಿದ್ನಲ್ಲ ಮೇಸ್ತ್ರಿ. ಮಿಷನ್ ತಿಳಿದೋರು ನೀವೇ ಸುಳ್ಳು ಅಂದ್ಮೇಲೆ ಇನ್ಯಾರ್ಗೆ ಹೇಳ್ಲಿ?"

ಜಟ್ಟಪ್ಪ ಹೇಳಿದ. ನೀರು ಹತ್ತದಿದ್ದದ್ದು ನನ್ನಿಂದ, ನಳಿಕೆಯಲ್ಲಿ ನನ್ನ ಬಟ್ಟೆ ಉಳಿದಿತ್ತು, ಓಡಿಸಿ ನೋಡದೆ ಹೋದೆ ಎಂದ. ಯಾಕೆ ನೋಡದೆ ಹೋದೆ ಎನ್ನುವುದನ್ನೂ ಹೇಳಲು ಹೊರಟು, ಮುದ್ದೆ ಹೋಳಿಗೆಯ ಮಾತು ನಾಲಿಗೆಗೆ ಬಂದು, ಬೀರಪ್ಪನ ಮುಖ ನೋಡಿ ನುಂಗಿಕೊಂಡ. ಇದ್ದಲಿನ ಪುಡಿ ಮೆತ್ತಿದ ಆ ಮುಖದಲ್ಲಿ ಕಣ್ಣು ಮಾತ್ರ ಕೆಂಪಾಗುತ್ತಾ ಬಂತು. ಹೋಗಲಿ ಬಿಡಿ ಅನ್ನುತ್ತಾನೆ ಎಂದು ಜಟ್ಟಪ್ಪ ಕಾಯುತ್ತಿದ್ದ. ತಾನು ಬಂದದ್ದೇ ಆ ಮಾತಿಗಾಗಿ ಎಂದು ಆಗ ಅವನಿಗೆ ಗೊತ್ತಾಯಿತು.

"ಇಲ್ಲಿ ಬಂದು ನನ್ನ ಕಿವೀಲಿ ಹೇಳಿದ್ರೆ ಏನಾಯ್ತು?" ಎಂದ ಬೀರಪ್ಪ. "ಹೊಡೆದಿದ್ದು ಇಲ್ಲಲ್ಲ. ಆ ಮೆಟ್ಟಿಲ ಮೇಲೆ ಹೇಳಿ. ನನ್ನ ಹೆಂಡ್ತಿ ಇವತ್ತಿಗೂ ಆ ಹೊಳೆಗೆ ನೀರಿಗೆ ಹೋಗಲ್ಲ, ಮೇಸ್ತ್ರಿ." ಭಾನುವಾರ ಮೋಟಾರನ್ನು ನೀರಿಗೆ ಹಾಕುತ್ತೇವೆ ಎಂದ ಜಟ್ಟಪ್ಪ. ಬೀರಪ್ಪ ಸಿಂಬೆಯನ್ನು ತಲೆಗೆ ಇಟ್ಟುಕೊಂಡು, ಬುಟ್ಟಿ ಎತ್ತಲು ಯಾರನ್ನೋ ಕರೆದ.

ಭಾನುವಾರ ಹೊತ್ತು ಏರುವಾಗ ದೋಣಿಯನ್ನು ಮೆಟ್ಟಿಲಿಗೆ ತಂದು ಮೋಟಾರನ್ನು ಕಚ್ಚಿಸಿದರು. ಸೀಳಿಗೆ ತುಂಬಿದ್ದ ಪುಡಿ ಕಂದು ಬಣ್ಣಕ್ಕೆ ತಿರುಗಿ ಕಬ್ಬಿಣಕ್ಕಿಂತ ಗಟ್ಟಿಯಾಗಿತ್ತು. ಹೊಸ ಕೋಟು ತೊಟ್ಟ ಪರಮೇಶ್ವರಪ್ಪ ಮೇಲಿನ ಮೆಟ್ಟಿಲಲ್ಲಿ ಬೀಗರಿಗೆ ಮೋಟಾರಿನ ಕುದುರೆಶಕ್ತಿ ವಿವರಿಸುತ್ತಿದ್ದರು. ಅವರ ಕೇರಿಯ ಬಟ್ಟೆಗಳನ್ನು ಒಗೆಯುವ ಹುಲಿಗೆಮ್ಮ ಮತ್ತು ಇನ್ನೂ ನಾಲ್ಕಾರು ಹೆಂಗಸರು ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದರು. ಸ್ನಾನ ಮುಗಿಸಿದ ಗಂಡಸರು ನೋಡಲು ನಿಂತರು. ಅವರ ಹಿಂದೆ, ಅರಳಿಕಟ್ಟೆಯ ಹತ್ತಿರ ಬೀರಪ್ಪನಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಗುರುವಾರ ಅವನು ತನ್ನನ್ನು ನಂಬಿರಲಿಲ್ಲವೆಂದೂ, ಆದರೂ ಬಂದಿದ್ದಾನೆಂದೂ ಜಟ್ಟಪ್ಪನಿಗೆ ಅನಿಸಿತು. ಅವನ ಕಡೆ ನೋಡದೆ ಹಗ್ಗ ಸುತ್ತಿ ಎಳೆದ. ಮೂರನೆಯ ಎಳೆತಕ್ಕೆ ಮೋಟಾರು ಹತ್ತಿಕೊಂಡಿತು. ಒಂದು, ಎರಡು, ಮೂರು ಎಣಿಸುವುದರೊಳಗೆ ತೂತಿನಿಂದ ನೀರು ಚಿಮ್ಮಿ, ಬೆಳ್ಳಗೆ ಬಾಗಿ ಹೊಳೆಗೆ ಬಿತ್ತು. ಅಷ್ಟು ಚೆನ್ನಾಗಿ ಅದು ಎಂದೂ ಬಿದ್ದಿರಲಿಲ್ಲ. ಬೀಗರು ಚಪ್ಪಾಳೆ ತಟ್ಟಿದರು. ಪರಮೇಶ್ವರಪ್ಪ ಕೆಳಗಿಳಿದು ಬಂದು, ಎಲ್ಲರೆದುರು, ಮೊದಲ ಬಾರಿಗೆ ಅವನ ಹೆಗಲ ಮೇಲೆ ಕೈ ಇಟ್ಟರು.

ಆ ಕೈಯ ಭಾರಕ್ಕೆ ಮೈಯೆಲ್ಲ ಬೆಂಕಿಯಾಯಿತು. ಜಟ್ಟಪ್ಪ ಮಾತಾಡಿದ; ಮೋಟಾರಿನ ಸದ್ದಿನಲ್ಲಿ ಅವನಿಗೇ ತನ್ನ ಮಾತು ಕೇಳಲಿಲ್ಲ. ಪರಮೇಶ್ವರಪ್ಪ ನಗುತ್ತಾ ಏನು ಎಂದು ಕಿವಿ ತಂದರು. ಇಷ್ಟೇ ಸಾಕು, ಹೇಳಿಯಾಯಿತು, ಕೇಳದಿದ್ದರೆ ನನ್ನ ತಪ್ಪಲ್ಲ ಎಂದು ಒಳಗೊಬ್ಬ ಆಗಲೇ ತಪ್ಪಿಸಿಕೊಳ್ಳುತ್ತಿದ್ದ. ಆ ಒಳಗಿನವನ ಮೇಲೆ ಹೇಸಿಗೆಯಾಗಿ ಅವನು ಮೋಟಾರನ್ನು ನಿಲ್ಲಿಸಿದ. ಬಟ್ಟೆ ಬಡಿಯುವ ಸದ್ದೂ ನಿಂತಿತು.

"ಹೋದ ಸಲ ಇದಕ್ಕೆ ನೀರು ಹತ್ತದೆ ಇದ್ದಿದ್ದು ನನ್ನಿಂದ" ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಎತ್ತರವಾಗಿತ್ತು. "ನಳಿಕೆಗೆ ತುರುಕಿದ್ದ ಬಟ್ಟೆ ತೆಗೀದೆ ನಟ್ಟು ಬಿಗಿದಿದ್ದೆ. ಕಾದ ಸಿಲಿಂಡರಿಗೆ ಚೊಂಬಲ್ಲಿ ನೀರು ಸುರಿದಿದ್ದು ನೀವು. ಬೀರಪ್ಪ ಏನೂ ಮಾಡ್ಲಿಲ್ಲ. ಅವರಿಗೆ ಚಪ್ಪಲೀಲಿ ಹೊಡೆದ್ರಿ, ನಾನು ಸುಮ್ನಿದ್ದೆ."

ಹೆಗಲ ಮೇಲಿನ ಕೈ ಹೋಯಿತು. ಪರಮೇಶ್ವರಪ್ಪ ಬೀಗರ ಕಡೆ ನೋಡಿ, ಇವನಿಗೆ ಬಿಸಿಲು ತಲೆಗೇರಿದೆ ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, ತಾನೇ ಕೆಡಿಸಿದ್ದೇನೆಂದು ಒಪ್ಪಿಕೊಳ್ಳುತ್ತಿರುವ ಕೂಲಿಯವನ ಮಾತನ್ನು ಯಾರು ನಂಬುತ್ತಾರೆ, ನಾನು ಸುರಿದದ್ದನ್ನು ಕಂಡವರು ಯಾರು ಎಂದು ಕೇಳಿದರು. ಜಟ್ಟಪ್ಪ ಮೆಟ್ಟಿಲ ಮೇಲಿನ ಜನರ ಕಡೆ ತಿರುಗಿದ. ಯಾರೂ ಬೆರಗಾಗಿರಲಿಲ್ಲ. ಸ್ನಾನ ಮುಗಿಸಿದವರು ಪಂಚೆ ಹಿಂಡುತ್ತಿದ್ದರು. ಹುಲಿಗೆಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಅವತ್ತು ದೋಣಿ ಬಡಿದಿದ್ದ ಎದುರಿನ ಬಂಡೆಯನ್ನು ನೋಡಿದಳು; ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು ಅದು.

"ಯಜಮಾನ್ರು ಸುರಿದಿದ್ದು ನಾವೆಲ್ಲಾ ಕಂಡಿದ್ವಲ್ಲಪ್ಪ" ಎಂದಳು, ಅಡುಗೆಗೆ ಉಪ್ಪು ಕಡಿಮೆಯಾಗಿದೆ ಎನ್ನುವವಳ ಹಾಗೆ. "ಬಟ್ಟೆ ತುರುಕಿದ್ದು ನೀನು ಅನ್ನೋದೊಂದು ಗೊತ್ತಿರ್ಲಿಲ್ಲ."

ಹೇಳಿ ಮತ್ತೆ ಬಟ್ಟೆ ಎತ್ತಿ ಕಲ್ಲಿಗೆ ಬಡಿದಳು. ಆ ಸದ್ದು ತನ್ನ ಕೆನ್ನೆಗೆ ಬಿದ್ದಂತೆ ಜಟ್ಟಪ್ಪನಿಗೆ ಕೇಳಿಸಿತು. ವಾರವಿಡೀ ಅವನು ಹೊತ್ತುಕೊಂಡು ತಿರುಗಿದ, ಹೇಳಿದರೆ ಊರು ಅದುರುತ್ತದೆ ಎಂದುಕೊಂಡಿದ್ದ ಸತ್ಯ ಎಲ್ಲರಿಗೂ ಮೊದಲಿನಿಂದ ಗೊತ್ತಿತ್ತು. ಎಲ್ಲರೂ ಕಂಡು, ಎಲ್ಲರೂ ಆ ಏಟುಗಳನ್ನು ನೋಡುತ್ತಾ ನಿಂತು, ಮನೆಗೆ ಹೋಗಿ ಉಂಡಿದ್ದರು. ಇವತ್ತು ಹೊಸದಾಗಿ ತಿಳಿದದ್ದು ಅವನದೊಂದೇ. ಬೀಗರಲ್ಲಿ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, ಬಿಸಿಲಾಯ್ತು, ಮನೆಗೆ ಹೋಗೋಣ ಎಂದರು. ಪರಮೇಶ್ವರಪ್ಪನ ಮುಖ ಕಪ್ಪಾಗಿತ್ತು. ಅವರು ಜಟ್ಟಪ್ಪನನ್ನು ಬಿಟ್ಟು ಅರಳಿಕಟ್ಟೆಯ ಕಡೆ ನೋಡಿ, ದೊಡ್ಡ ಮನಸ್ಸಿನಿಂದ ಎನ್ನುವಂತೆ, "ಬಾರೋ ಬೀರ, ಆಗಿದ್ದು ಆಯ್ತು, ದೋಣಿ ಹತ್ತು. ಇವರನ್ನ ಒಂದು ಸುತ್ತು ಕರ್ಕೊಂಡು ಬಾ" ಎಂದರು.

ಬೀರಪ್ಪ ಮೆಟ್ಟಿಲಿಳಿದು ಬಂದ. ಜನ ದಾರಿ ಬಿಟ್ಟರು. ಹತ್ತಿಬಿಡುತ್ತಾನೆ ಎಂದು ಜಟ್ಟಪ್ಪನಿಗೆ ಅನ್ನಿಸಿತು. ಹತ್ತಿದರೆ ತಾನು ಅವನನ್ನು ಕ್ಷಮಿಸುವುದಿಲ್ಲ ಎಂದುಕೊಂಡು, ಕ್ಷಮಿಸಲು ತಾನು ಯಾರು ಎಂದು ನಾಚಿದ. ಬೀರಪ್ಪ ದೋಣಿಗೆ ಹತ್ತಿದ. ಮೋಟಾರನ್ನು ನೋಡಲಿಲ್ಲ. ಬಗ್ಗಿ, ಹಲಗೆಗಳ ಕೆಳಗೆ ಮೂಲೆಗೆ ತಳ್ಳಿದ್ದ ತನ್ನ ಹುಟ್ಟನ್ನು ಎಳೆದು ತೆಗೆದ. ಆಳುದ್ದದ ಹೊನ್ನೆ ಮರದ ಹುಟ್ಟು, ಹಿಡಿಯ ಜಾಗ ಸವೆದು ನುಣುಪಾಗಿತ್ತು. ಅದನ್ನು ಹೆಗಲಿಗೆ ಏರಿಸಿ ದೋಣಿಯಿಂದ ಇಳಿದು, ಪರಮೇಶ್ವರಪ್ಪ ಎರಡು ಸಲ ಹೆಸರು ಹಿಡಿದು ಕರೆದರೂ ತಿರುಗದೆ, ಬಂದ ಮೆಟ್ಟಿಲುಗಳನ್ನೇ ಒಂದೊಂದಾಗಿ ಹತ್ತಿ ಹೋದ.

ಜಟ್ಟಪ್ಪ ಸಾಮಾನಿನ ಚೀಲ ತೆಗೆದುಕೊಂಡು ಹಿಂದೆ ಹೊರಟ. ಪೇಟೆಯ ಉದ್ದಕ್ಕೂ ಇಪ್ಪತ್ತು ಹೆಜ್ಜೆ ಮುಂದೆ ಬೀರಪ್ಪ ನಡೆಯುತ್ತಿದ್ದ, ಹೆಗಲ ಮೇಲಿನ ಹುಟ್ಟು ಅಂಗಡಿಗಳ ಸೂರಿಗೆ ತಾಗದಂತೆ ವಾಲಿಸಿಕೊಂಡು. ಕರೆಯಬೇಕು, ಜೊತೆಗೆ ನಡೆಯಬೇಕು ಅನ್ನಿಸಿದರೂ ಆ ಇಪ್ಪತ್ತು ಹೆಜ್ಜೆ ಕಡಿಮೆ ಮಾಡುವ ಧೈರ್ಯ ಬರಲಿಲ್ಲ. ಹೇಳಿದ್ದೇನಲ್ಲ, ಕೇಳಿದ ಜಾಗದಲ್ಲೇ, ಕೇಳಿದ ಹಾಗೇ ಹೇಳಿದ್ದೇನಲ್ಲ, ಇನ್ನೇನು ಬೇಕು ಈ ಮುದುಕನಿಗೆ ಎಂದು ಒಮ್ಮೆ ಸಿಟ್ಟು ಏರಿ ಬಂದು, ಹಿಡಿಯಲು ಏನೂ ಸಿಗದೆ ಇಳಿದುಹೋಯಿತು. ನಿಲ್ದಾಣದಲ್ಲಿ ಭದ್ರಾವತಿಯ ಗಾಡಿ ನಿಂತಿತ್ತು. ಬೀರಪ್ಪ ಮೂರನೇ ದರ್ಜೆಯ ಡಬ್ಬಿಯ ಬಾಗಿಲಲ್ಲಿ ಹುಟ್ಟನ್ನು ಅಡ್ಡ ಹಿಡಿದು ಒದ್ದಾಡುತ್ತಿದ್ದ. ಅಷ್ಟು ಉದ್ದದ್ದು ಒಳಗೆ ಹೋಗುತ್ತಿರಲಿಲ್ಲ, ಒಳಗಿನವರು ಬೈಯುತ್ತಿದ್ದರು. ಜಟ್ಟಪ್ಪ ಓಡಿಹೋಗಿ ಹಿಂದಿನ ತುದಿಯನ್ನು ಹಿಡಿದೆತ್ತಿದ. ಸ್ವಲ್ಪ ಓರೆ ಮಾಡಿದರೆ ಹೋಗುತ್ತೆ, ಬೀರಣ್ಣ, ನೀವು ಒಳಗೆ ಹತ್ತಿ ಎಂದ.

ಬೀರಪ್ಪ ತಿರುಗಿ ನೋಡಿದ. ಮೇಸ್ತ್ರಿ ಎನ್ನಲಿಲ್ಲ. ನೀವು ಎನ್ನಲಿಲ್ಲ.

"ಬಿಡು" ಎಂದ.

ಜಟ್ಟಪ್ಪ ಕೈ ಬಿಟ್ಟ.